ಜೋಗಮ್ಮ ನಿಲ್ಲಿಸಿದ ಕಲ್ಲು

ಬಳ್ಳಾರಿಯಿಂದ ಬಂದ ಕ್ರೇನು ಕುರುಗೋಡಿನ ಆಚೆಯ ಕಾಲುವೆ ಸೇತುವೆ ದಾಟಲಾರದೆ ಹಿಂದಕ್ಕೆ ಹೋಯಿತು. ಸಿರುಗುಪ್ಪ ಕಡೆಯ ರಸ್ತೆ ಅಗಲ ಮಾಡುವಾಗ ಬುಡ ಸಡಿಲಾಗಿ ಉರುಳಿದ್ದ ನಿಲುವುಗಲ್ಲು ಹೊಲದ ಬದುವಿನಿಂದ ರಸ್ತೆಗೆ ಅಡ್ಡ ಬಿದ್ದಿತ್ತು. ಹದಿನಾಲ್ಕು ಅಡಿ ಉದ್ದ, ಐದು ಟನ್ ಭಾರ. ಯಾವ ಕಾಲದವರು ನೆಟ್ಟದ್ದೋ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ನಾಳೆ ರಸ್ತೆ ಕೆಲಸ ನಿಲ್ಲಂಗಿಲ್ಲ. ಡ್ರಿಲ್ ಹಾಕಿ ಎರಡು ತುಂಡು ಮಾಡಿ, ಲಾರಿಗೆ ಹಾಕ್ರಿ” ಎಂದರು ಎಂಜಿನಿಯರ್ ಜಂಬುನಾಥ.

“ಒಡೀಬ್ಯಾಡ್ರಿ ಸರ. ಸಂಜಿತನಕ ಟೈಮ್ ಕೊಡ್ರಿ. ನಾ ನಿಲ್ಲಿಸ್ತೀನಿ.”

ಮಾತಾಡಿದವಳು ಕಲ್ಲುಕೆಲಸದ ಗುಂಪಿನ ಮೇಸ್ತ್ರಿ ಜೋಗಮ್ಮ. ನಲವತ್ತು ವರ್ಷದಿಂದ ಕಲ್ಲು ಒಡೆದೇ ಬದುಕಿದವಳು. ನಿಲ್ಲಿಸಿದ್ದು ಒಂದೇ ಸಲ, ಅಪ್ಪನ ಜೊತೆ, ಒಂದು ಗುಡಿಯ ಕಂಬ.

“ನಿನ್ನತ್ರ ಯಾವ ಮಿಷಿನ್ ಐತಮ್ಮ?”

“ಆರು ಹಾರಿ, ಎರಡು ಹಗ್ಗ, ಹದಿನೆಂಟು ಮಂದಿ. ಹೊಲದ ತುಂಬ ಕಲ್ಲು ಅದಾವ. ಸಾಕಾಗತೈತಿ.”

ರಸ್ತೆಯಿಂದ ಹತ್ತಡಿ ದೂರದಲ್ಲಿ ಗುಂಡಿ ತೋಡಿಸಿದಳು. ಕಲ್ಲಿನ ಬುಡದ ಕೆಸರಿಗೆ ಕೈಯಿಟ್ಟು ತಡಕಾಡಿ, ಹಿಡಿತ ಸಿಕ್ಕಲ್ಲಿ ಹಾರೆ ಕೊಟ್ಟು, ಬುಡವನ್ನು ಗುಂಡಿಯ ಕಡೆ ತಿರುಗಿಸಿದಳು. ಆಮೇಲೆ ತಲೆಯ ಕಡೆ ಬಂದಳು. ಹಾರೆಗಳು ಒಟ್ಟಿಗೆ ಬಾಗಿದವು. ಕಲ್ಲು ಒಂದು ಬೆರಳಷ್ಟು ಎದ್ದಿತು. ಅಷ್ಟಕ್ಕೇ ತಡೆದು, ಅಡಿಗೆ ಚಪ್ಪಡಿ ತಳ್ಳಿದಳು. ಮತ್ತೆ ಒಂದು ಬೆರಳು, ಮತ್ತೊಂದು ಚಪ್ಪಡಿ. ಹೊತ್ತು ನೆತ್ತಿಗೆ ಬಂದಾಗ ಕಲ್ಲಿನ ತಲೆ ಅವಳ ಸೊಂಟದ ಮಟ್ಟಕ್ಕಿತ್ತು. ಜಂಬುನಾಥ ವಾಚು ನೋಡುವುದನ್ನು ಬಿಟ್ಟಿದ್ದರು.

ನಾಲ್ಕರ ಸುಮಾರಿಗೆ ಒಂದು ಹಾರೆ ಜಾರಿತು. ಕಲ್ಲು ಧಡ್ಡೆಂದು ಕೆಳಗಿನ ಚಪ್ಪಡಿಗಳ ಮೇಲೆ ಕೂತಿತು. ಜೋಗಮ್ಮನ ಕೈ ಇನ್ನೂ ತಳ್ಳುತ್ತಿದ್ದ ಚಪ್ಪಡಿಯ ಹೊರಅಂಚಿನ ಮೇಲೇ ಇತ್ತು. ಯಾರೋ ಚೀರಿದರು.

ಜೋಗಮ್ಮ ಕೈ ಎಳೆದುಕೊಂಡು ದೂಳು ಕೊಡವಿದಳು. “ಕಲ್ಲು ಬಿದ್ದರ ಒಂದು ಬೆರಳು ಎತ್ತರದಿಂದಷ್ಟೇ ಬೀಳಬೇಕು ಸರ. ಅದಕ್ಕಾ ನಾ ಅವಸರ ಮಾಡಂಗಿಲ್ಲ. ಲೇ ಎರ್ರೆಪ್ಪ, ಹಾರಿ ಹಿಡಿ.”

ಕಲ್ಲು ಅರ್ಧಕ್ಕಿಂತ ಹೆಚ್ಚು ಎದ್ದ ಮೇಲೆ ಹಗ್ಗ ಬಿಗಿಸಿದರು. ಎಂಜಿನಿಯರರೂ ತೋಳು ಮಡಚಿ ಹಗ್ಗ ಹಿಡಿದರು. “ಐಸಾ!” ಮೂರನೆಯ ಎಳೆತಕ್ಕೆ ಬುಡ ಗುಂಡಿಯೊಳಗೆ ಗುಡುಗಿ ಇಳಿಯಿತು. ಹೊಲದ ಮೇಲೆ ಉದ್ದನೆಯ ನೆರಳೊಂದು ಎದ್ದು ಬಿತ್ತು. ಜೋಗಮ್ಮ ಕಲ್ಲಿಗೆ ಬೆನ್ನು ಕೊಟ್ಟು ಒಮ್ಮೆ ಜೋರಾಗಿ ನಕ್ಕಳು.

ಗುಂಡಿ ತುಂಬುವ ಮುಂಚೆ ಜಂಬುನಾಥ ಬಗ್ಗಿ ನೋಡಿದರು. ಬುಡದ ಅಂಚಿನಲ್ಲಿ ಅಂಗೈಯಗಲದ ಒಂದು ಕಚ್ಚು. “ಇದನ್ನ ಇವತ್ತು ನೀವು ಕಡಿದ್ರೇನ್ರಿ?”

ಜೋಗಮ್ಮ ಗುಂಡಿಗಿಳಿದು ಅದರೊಳಗೆ ಬೆರಳಾಡಿಸಿದಳು. ಅಂಚುಗಳು ಸವೆದು ನುಣುಪಾಗಿದ್ದವು.

“ನಂದಲ್ರಿ ಸರ. ಮೊದಲು ನೆಟ್ಟೋರದ್ದು. ಎತ್ತೋ ಸನ್ನಿಗೋಲು ಎಲ್ಲಿ ಕೊಡಬೇಕಂತ ಕಡಿದಿಟ್ಟಾರ.”

ಆ ಕಚ್ಚಿನ ನಟ್ಟನಡುವೆ, ಬೆಳಗ್ಗೆ ಕೆಸರಿನಲ್ಲಿ ಕಾಣದೆ ಅವಳು ಕೊಟ್ಟ ಹಾರೆಯ ಬಿಳಿ ಗೀರು ಇನ್ನೂ ಹಸಿಯಾಗಿತ್ತು.