ಎಡೆಗಿಟ್ಟ ಸಿಗಾರ್

"ಎಡೆಗೆ ಯಾವ ಚುಟ್ಟ ಇಡೋದೇ ಶೋಭ? ಬೇಗ ಹೇಳು, ವಡೆ ಆರೋಗ್ತಾ ಐತೆ."

ಅತ್ತೆ ಅಂಜಮ್ಮ ಕೇಳಿದಾಗ ಶೋಭಾರಾಣಿ ಲೋಟಕ್ಕೆ ನೀರು ತುಂಬುತ್ತಿದ್ದಳು. ಗಂಡ ಉಮಾಶಂಕರ್ ತೀರಿಕೊಂಡ ಮೇಲೆ ಬಂದ ಮೊದಲ ಹಿರಿಯರ ಹಬ್ಬ. ನಡುಮನೆಯಲ್ಲಿ ಅವನ ಫೋಟೊ ಮುಂದೆ ಬಾಳೆ ಎಲೆ ಹಾಸಿ ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ ಬಡಿಸಿದ್ದಾಗಿತ್ತು. ಹೋದವರು ಬದುಕಿದ್ದಾಗ ಆಸೆಪಟ್ಟದ್ದನ್ನು ಎಲೆಯ ಮೇಲೆ ಇಡಲೇಬೇಕು, ಇಲ್ಲದಿದ್ದರೆ ಮುನಿಸಿಕೊಂಡು ಹಿಂತಿರುಗುತ್ತಾರೆ ಎಂಬುದು ಅಂಜಮ್ಮನ ನಂಬಿಕೆ.

ಉಮಾಶಂಕರನ ಆಸೆ ಸಿಗಾರ್, ಅಂಜಮ್ಮನ ಬಾಯಲ್ಲಿ ಚುಟ್ಟ. ವೇಮಗಲ್ಲಿನ ಕಾರ್ಖಾನೆಗೆ ಬಂದಿದ್ದ ವಿದೇಶಿ ಎಂಜಿನಿಯರೊಬ್ಬರು ಕೊಟ್ಟ ಒಂದರಿಂದ ಹತ್ತಿಕೊಂಡ ಹವ್ಯಾಸ. ಭಾನುವಾರ ಮಾಲೂರಿನಿಂದ ಗೆಳೆಯ ಮೂರ್ತಿ ಬಂದರೆ ಇಬ್ಬರೂ ಮಹಡಿಯ ಮೇಲೆ ಕೂತು ರುಚಿ ನೋಡುವುದು, ಹೋದ ವಾರದ್ದು ಮೇಲೋ ಈ ವಾರದ್ದು ಮೇಲೋ ಎಂದು ಜಗಳವಾಡುವುದು. ಮೊದಲ ಸಲ ಹೃದಯಾಘಾತವಾದಾಗ ಶೋಭಾರಾಣಿ ಆಸ್ಪತ್ರೆಯ ಮಂಚದ ಪಕ್ಕದಲ್ಲೇ ಗಂಡನಿಂದ ಮಾತು ತೆಗೆದುಕೊಂಡಿದ್ದಳು. "ಇನ್ಮೇಲೆ ಹಚ್ಚಲ್ಲ ಕಣೇ" ಎಂದಿದ್ದ. ಆದರೆ ಭಾನುವಾರಗಳು ನಿಲ್ಲಲಿಲ್ಲ. ಒಗೆಯಲು ಹಾಕುವ ಮೊದಲು ಅವನ ಅಂಗಿಯನ್ನು ಅವಳು ಮೂಗಿಗೆ ಹಿಡಿದು ನೋಡುತ್ತಿದ್ದಳು. ಪ್ರತಿ ಸಲವೂ ಹೊಗೆಯ ವಾಸನೆ. "ಅದು ಮೂರ್ತೀದು" ಎಂದು ಅವನು ಹೇಳಿದರೂ ಅವಳು ನಂಬಿರಲಿಲ್ಲ. ಎರಡನೆಯ ಆಘಾತ ಅವನನ್ನು ಉಳಿಸಲಿಲ್ಲ. ಅಂದಿನಿಂದ ಅವಳು ಮೂರ್ತಿಯೊಡನೆ ಮಾತಾಡಿರಲಿಲ್ಲ. ಮಹಡಿಯ ಕೋಣೆಯಲ್ಲಿದ್ದ ಸಿಗಾರ್ ಪೆಟ್ಟಿಗೆಯನ್ನು ಮುಟ್ಟಿಯೂ ಇರಲಿಲ್ಲ.

"ಅವರನ್ನ ಕೊಂದಿದ್ದನ್ನೇ ಎಲೆ ಮೇಲೆ ಇಡ್ಬೇಕಾ ಅತ್ತೆ?"

"ಅವನು ಇಷ್ಟಪಟ್ಟಿದ್ದು ಇಡ್ಬೇಕು. ನಿಂಗೆ ಗೊತ್ತಿಲ್ಲ ಅಂತ್ಲೇ ಗೊತ್ತಿರೋನ್ನ ಕರೆಸಿದ್ದೀನಿ" ಎಂದ ಅಂಜಮ್ಮ ಬಾಗಿಲ ಕಡೆ ತಿರುಗಿ ಕೂಗಿದಳು. "ಬಾರಾ ನಾಯ್ನಾ ಮೂರ್ತಿ! ಗೇಟ್ ಹತ್ರ ನಿಂತ್ಕೊಂಡು ಕಾಗೆ ಕಾಯ್ತಾ ಇದ್ದೀಯ?"

ಮೂರ್ತಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಶೋಭಾರಾಣಿಯ ಮುಖ ನೋಡುವ ಧೈರ್ಯವಾಗದೆ ಸೀದಾ ಮಹಡಿಗೆ ಹೋಗಿ ಪೆಟ್ಟಿಗೆ ತಂದು ನೆಲದ ಮೇಲಿಟ್ಟು ಮುಚ್ಚಳ ತೆರೆದರು. ಒಳಗೆ ಬೇರೆ ಬೇರೆ ಬಣ್ಣದ ಸಿಗಾರ್‌ಗಳು ಸಾಲಾಗಿ ಮಲಗಿದ್ದವು. ಶೋಭಾರಾಣಿ ಬಗ್ಗಿ ನೋಡಿದಳು. ಎಲ್ಲದರ ಒಂದು ತುದಿ ಕತ್ತರಿಸಲಾಗಿತ್ತು, ಹಲ್ಲಿನ ಗುರುತೂ ಇತ್ತು.

"ಸೇದಿ ಮಿಗಿಸಿದ್ದಾ ಇವು?" ಅವಳ ದನಿ ಗಡುಸಾಗಿತ್ತು.

"ಸೇದಿಲ್ಲ ಅತ್ತಿಗೆ. ಆ ಕಡೆ ತುದಿ ನೋಡಿ."

ಅವಳು ಒಂದನ್ನು ಎತ್ತಿಕೊಂಡು ಇನ್ನೊಂದು ತುದಿಯನ್ನು ಬೆರಳಿನಿಂದ ಉಜ್ಜಿದಳು. ಬೆರಳು ಕಪ್ಪಾಗಲಿಲ್ಲ. ಮತ್ತೊಂದನ್ನು ಉಜ್ಜಿದಳು. ಆಮೇಲೆ ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ಯಾವುದಕ್ಕೂ ಬೆಂಕಿ ತಾಕಿರಲಿಲ್ಲ.

"ಹಾಗಾದ್ರೆ ಮೇಲೆ ಕೂತು ಏನ್ ಮಾಡ್ತಿದ್ರಿ ನೀವು?"

"ಪಂದ್ಯ" ಎಂದರು ಮೂರ್ತಿ. "ಒಂದೇ ಥರದ್ದು ಎರಡು ತರ್ತಿದ್ವಿ. ಅವನು ಹಚ್ಚದೇನೇ ಬಾಯಲ್ಲಿಟ್ಟು ಬರೀ ಗಾಳಿ ಎಳೆದು ರುಚಿ ಹೇಳೋನು. ಇದು ಹುರಿಗಡಲೆ, ಇದು ಹೊಸ ಗೋಣಿಚೀಲ, ಅಂತ. ನಾನು ನಂದನ್ನ ಹಚ್ಚಿ ಸೇದಿ, ಸರಿನೋ ತಪ್ಪೋ ಹೇಳ್ಬೇಕು. ತಪ್ಪು ಅಂದ್ರೆ, ನಿನ್ನ ನಾಲಿಗೇನೇ ಕೆಟ್ಟಿದೆ ಅನ್ನೋನು ಬಡ್ಡಿಮಗ." ತಟ್ಟನೆ ಅಂಜಮ್ಮನನ್ನು ನೋಡಿ ನಾಲಿಗೆ ಕಚ್ಚಿಕೊಂಡರು.

"ಬೈಕೋ, ಬೈಕೋ" ಎಂದಳು ಅಂಜಮ್ಮ. "ಹುಟ್ಟಿದಾಗಿಂದ ಅವನಿಗೆ ಸೋತು ಗೊತ್ತಿಲ್ಲ."

"ಅವನದನ್ನ ಎಸೆಯೋಕೂ ಬಿಡ್ತಿರ್ಲಿಲ್ಲ. ಮುಂದಿನ ವಾರದ್ದರ ಜೊತೆ ಹೋಲಿಸೋಕೆ ಬೇಕು ಅನ್ನೋನು. ನಾನೂ ಬಿಟ್ಬಿಡ್ತೀನಿ ಕಣೋ ಅಂದೆ ಒಂದ್ಸಲ. ನೀನು ಬಿಟ್ರೆ ನನ್ನ ಪಾಲಿಂದು ಯಾರು ಸೇದೋದು ಅಂದ." ಮೂರ್ತಿ ಒಂದು ಸಿಗಾರನ್ನು ಪೆಟ್ಟಿಗೆಯಲ್ಲಿ ನೇರ ಮಾಡಿಟ್ಟರು. "ಹೊಗೆ ಆ ಕಡೆ ಬಿಡೋ, ಅವಳು ಅಂಗಿ ಮೂಸಿ ನೋಡ್ತಾಳೆ ಅಂತ ಬೈಯ್ತಾನೇ ಇರೋನು."

ಶೋಭಾರಾಣಿ ಗೋಡೆಗೆ ಒರಗಿ ಕೂತಳು. ಇಷ್ಟು ದಿನ ಅವನ ಫೋಟೊವನ್ನು ಒರೆಸಿದ್ದಳು, ಹೂ ಮುಡಿಸಿದ್ದಳು, ಕಣ್ಣಿಟ್ಟು ನೋಡಿರಲಿಲ್ಲ. ಈಗ ನೋಡಿದಳು. ಮೂಸಿ ನೋಡುವುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬೇಸರಿಸಿಕೊಂಡಿರಲಿಲ್ಲ. ಮಾತು ಉಳಿಸಿಕೊಂಡೇ, ನಗುತ್ತಲೇ ಪ್ರತಿ ಭಾನುವಾರ ಮಹಡಿಯಿಂದ ಇಳಿದು ಬಂದಿದ್ದ. ಅವನಿಗೆ ಆ ನಗುವನ್ನು ಉಳಿಸಿಕೊಟ್ಟ ಮನುಷ್ಯ ಎದುರಿಗೆ ತಲೆತಗ್ಗಿಸಿ ಕೂತಿದ್ದರು.

"ಮೂರ್ತಿ ಅವರೇ, ಊಟ ಮಾಡದೆ ಹೋಗ್ಬಾರ್ದು ನೀವು" ಎಂದಳು. ಅಷ್ಟಕ್ಕೇ ಮೂರ್ತಿ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು.

ಚಿನ್ನದ ಬಣ್ಣದ ಪಟ್ಟಿ ಸುತ್ತಿದ್ದವನ್ನೆಲ್ಲ ಬದಿಗೆ ಸರಿಸಿ, ಸಣ್ಣದೊಂದು ಕಪ್ಪು ಸಿಗಾರನ್ನು ಅವರು ಆರಿಸಿದರು. "ಇದೇ. ಮಾವಿನಕಾಯಿ ಹಣ್ಣಿಗೆ ಹಾಕ್ತಾರಲ್ಲ, ಆ ಹುಲ್ಲಿನ ವಾಸನೆ ಅನ್ನೋನು. ರಾಯಲ್ಪಾಡಿನ ಅಜ್ಜಿ ಮನೆ ಅಟ್ಟ ಹತ್ತಿದ ಹಾಗಾಗುತ್ತೆ ಅನ್ನೋನು."

"ನಮ್ಮಮ್ಮನ ಅಟ್ಟ!" ಎಂದು ಅಂಜಮ್ಮ ಅದನ್ನು ಇಸಿದುಕೊಂಡು ಮೂಸಿದಳು. ಮತ್ತೊಮ್ಮೆ ಮೂಸಿದಳು. ಆಮೇಲೆ ಎಲೆಯ ತುದಿಯಲ್ಲಿ ವಡೆಯ ಪಕ್ಕಕ್ಕೆ ಇಟ್ಟಳು. ಸಾಂಬ್ರಾಣಿ ಹಾಕಿ, ಬೆಂಕಿಪೊಟ್ಟಣ ಕೈಗೆತ್ತಿಕೊಂಡವಳು ಹಾಗೇ ನಿಂತಳು.

"ಹಚ್ಚಿ ಇಡೋದಾ, ಹಂಗೇ ಇಡೋದಾ? ನಿಂಗೆ ಮಾತು ಕೊಟ್ಟವ್ನಲ್ಲೇ."

ಶೋಭಾರಾಣಿ ಎದ್ದು ಬಂದು ಅತ್ತೆಯ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡಳು.

"ನಾನೇ ಹಚ್ತೀನಿ ಅತ್ತೆ. ಇನ್ನು ಅವರ ಎದೆಗೆ ಏನೂ ಆಗಲ್ಲ."