ಗಾಲಿಕುರ್ಚಿಯ ಮೇಲೆ ಪದ್ಮಾಸನ

"ಸಾರ್, ಕಾಲು ಕೆಳಗಿಡಿ. ಹಾಗೆ ಮಡಚಿಕೊಂಡು ಕೂತ್ರೆ ತಿರುವಿನಲ್ಲಿ ಉರುಳಿ ಬೀಳ್ತೀರ," ಎಂದಳು ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ತಳ್ಳುವವಳು.

ನಿವೃತ್ತ ವಿಮಾ ಅಧಿಕಾರಿ ಪದ್ಮಾಸನ ಬಿಚ್ಚಿದರು. ಹತ್ತು ಹೆಜ್ಜೆ ನಡೆಯಲಾರೆನೆಂದು ಬರೆದುಕೊಟ್ಟು ಪಡೆದ ಕುರ್ಚಿಯಲ್ಲಿ ಅಭ್ಯಾಸಬಲದಿಂದ ಕಾಲು ತಾನಾಗಿ ಮಡಚಿಕೊಂಡಿತ್ತು. ವಯಸ್ಸು ಅರವತ್ತನಾಲ್ಕು; ದಿನಕ್ಕೆ ಇಪ್ಪತ್ತು ನಿಮಿಷ ಶೀರ್ಷಾಸನ. ಈಗ ಹೊರಟಿದ್ದುದು ಪರದೇಶದ ಕಡಲ ತೀರದಲ್ಲಿ ನಡೆಯುವ ಹನ್ನೆರಡು ದಿನಗಳ ಯೋಗ ಶಿಬಿರಕ್ಕೆ. ತೊಡೆಯ ಮೇಲಿದ್ದ ಕಡತದಲ್ಲಿ ಪಾಸ್‌ಪೋರ್ಟು, ವೀಸಾ, ವಿಮಾ ಪತ್ರಗಳ ಜೊತೆಗೆ ಪ್ರಯಾಣಿಕರ ಹಕ್ಕುಗಳನ್ನು ಕುರಿತ ಇಪ್ಪತ್ತೆರಡು ಪುಟಗಳಿದ್ದವು. 'ಕರ್ತವ್ಯ' ಎಂಬ ಮಾತು ಬರುವ ಸಾಲುಗಳನ್ನು ಬಿಟ್ಟು ಉಳಿದುದಕ್ಕೆಲ್ಲ ಕೆಂಪು ಗೆರೆ ಎಳೆದಿದ್ದರು.

ಕುರ್ಚಿಯ ಹಿಂದೆ, ಕೈಗೊಂದರಂತೆ ಏಳೇಳು ಕಿಲೋ ತೂಕದ ಚೀಲ ಹಿಡಿದು, ಅವರ ಹೆಂಡತಿ ಬರುತ್ತಿದ್ದರು. ಔಷಧಿ ಅಂಗಡಿಯ ಕೌಂಟರಿನ ಹಿಂದೆ ಇಪ್ಪತ್ತಾರು ವರ್ಷ ನಿಂತು ಆಕೆಯ ಬಲಮಂಡಿ ಸವೆದುಹೋಗಿತ್ತು. ಹೆಜ್ಜೆ ಹೆಜ್ಜೆಗೂ ಎಡಕ್ಕೆ ವಾಲಿ, ಒಂದು ಗಳಿಗೆ ನಿಂತು, ಮತ್ತೆ ಬರುತ್ತಿದ್ದರು.

"ರೀ, ಐದು ನಿಮಿಷ ಆ ಬೆಂಚಿನ ಮೇಲೆ ಕೂರ್ತೀನಿ."

"ಕೂತ್ರೆ ಮಂಡಿ ಹಿಡ್ಕೊಳ್ಳುತ್ತೆ ಕಣೇ. ನಡೀತಾ ಇರು. ಉಸಿರು ಮೂಗಲ್ಲೇ ಬಿಡು."

ತಳ್ಳುವವಳು ಕುರ್ಚಿ ನಿಲ್ಲಿಸಿದಳು. "ಚೇರು ಅಮ್ಮನ ಹೆಸರಲ್ಲಿ ಹೇಳಬೇಕಿತ್ತಲ್ವಾ ಸಾರ್?"

"ಅವಳ ಹೆಸರಲ್ಲಿ ಹೇಳಿದ್ರೆ ಮಂಡಿ ಹೋಗಿದೆ ಅಂತ ದಾಖಲೆ ಆಗುತ್ತೆ. ಕ್ಯಾಂಪಿನವರು ಸೇರಿಸ್ಕೊಳ್ಳಲ್ಲ. ನನ್ನ ಮೈ ಗಟ್ಟಿಯಾಗಿದೆ, ನಾನು ಹೇಳಿದ್ರೆ ಯಾರಿಗೂ ತೊಂದ್ರೆ ಇಲ್ಲ."

"ಓಹೋ. ಕುಂಟೋರು ನಡೀಬೇಕು, ನಡೆಯೋರು ಕೂರ್ಬೇಕು. ಇಷ್ಟು ವರ್ಷ ತಳ್ಳಿದ್ರೂ ನನಗಿದು ಹೊಳೆದಿರಲಿಲ್ಲ ನೋಡಿ."

"ನಿನಗೆ ಕಾನೂನು ಗೊತ್ತಿಲ್ಲ. ತಳ್ಳಮ್ಮ."

ಆಕೆ ತಳ್ಳಲಿಲ್ಲ. ಹಿಂದಕ್ಕೆ ಹೋಗಿ, ಹೆಂಡತಿಯ ಕೈಯಲ್ಲಿದ್ದ ಎರಡು ಚೀಲಗಳನ್ನೂ ತೆಗೆದುಕೊಂಡು ಅಧಿಕಾರಿಯ ತೊಡೆಯ ಮೇಲೆ ಪೇರಿಸಿ, ಅನಂತರ ತಳ್ಳಿದಳು. ಇಪ್ಪತ್ತೆರಡು ಪುಟಗಳ ಹಕ್ಕು ಹದಿನಾಲ್ಕು ಕಿಲೋಗಳ ಅಡಿಗೆ ಸೇರಿತು.

ಬಲಗಡೆ ಪಾಸ್‌ಪೋರ್ಟ್ ತಪಾಸಣೆಯ ಸಾಲು ಹಾವಿನಂತೆ ಸುತ್ತಿಕೊಂಡಿತ್ತು. ಸುಮಾರು ನೂರ ಎಂಬತ್ತು ಜನ; ಮೂರು ಕಿಟಕಿ; ತಲೆಗೆ ಎರಡು ನಿಮಿಷ. ಎಂದರೆ ಎರಡು ಗಂಟೆ. ವಿಮಾನದ ಬಾಗಿಲು ಮುಚ್ಚಲು ತೊಂಬತ್ತು ನಿಮಿಷಗಳಷ್ಟೇ ಉಳಿದಿದ್ದವು. ಬೆಳಗಿನ ಶೀರ್ಷಾಸನ ತಪ್ಪಬಾರದೆಂದು ವಿಮಾ ಅಧಿಕಾರಿಗಳು ಮನೆಯನ್ನೇ ತಡವಾಗಿ ಬಿಟ್ಟಿದ್ದರು. ಗಾಲಿಕುರ್ಚಿಗೂ ಅದರ ಜೊತೆಗಿರುವ ಒಬ್ಬರಿಗೂ ಬೇರೆ ದಾರಿಯಿತ್ತು; ಅಲ್ಲಿ ಸಾಲಿರಲಿಲ್ಲ.

ವಿಮಾನ ಕಂಪನಿಯ ಕೌಂಟರಿನಲ್ಲಿದ್ದ ಗುಮಾಸ್ತ ಪರದೆಯನ್ನು ನೋಡಿದ, ಕುರ್ಚಿಯನ್ನು ನೋಡಿದ, ಮತ್ತೆ ಪರದೆಯನ್ನು ನೋಡಿದ.

"ಸಾರ್, ನಿಮ್ಮ ಸೀಟು ಎಮರ್ಜೆನ್ಸಿ ಬಾಗಿಲ ಪಕ್ಕ ಇದೆ. ಅಪಾಯ ಬಂದ್ರೆ ಅಲ್ಲಿ ಕೂತವರೇ ಎದ್ದು ಬಾಗಿಲು ತೆಗೀಬೇಕು. ನಡೆಯೋಕಾಗದವರಿಗೆ ಅದನ್ನ ಕೊಡಲ್ಲ. ಬದಲಾಯಿಸ್ತೀನಿ. ಕೊನೇ ಸಾಲು, ಮಧ್ಯದ ಸೀಟು, ಟಾಯ್ಲೆಟ್ ಪಕ್ಕ."

"ಸಾಧ್ಯವೇ ಇಲ್ಲ. ನಾಲ್ಕು ತಿಂಗಳ ಹಿಂದೆ ಹಿಡಿದ ಸೀಟದು. ಕಾಲು ಚಾಚೋಕೆ ಜಾಗ ಇರೋದೇ ಅಲ್ಲಿ. ಅದು ನನ್ನ ಹಕ್ಕು."

"ಚೇರೂ ನಿಮ್ಮ ಹಕ್ಕೇ ಸಾರ್. ಎರಡರಲ್ಲಿ ಯಾವುದು ಬೇಕು, ಹೇಳಿ."

ಅಧಿಕಾರಿಗಳು ಮನಸ್ಸಿನಲ್ಲೇ ತೂಗಿದರು. ಕುರ್ಚಿಯ ಸುಖ ಇನ್ನು ಅರ್ಧ ಗಂಟೆ. ಸೀಟಿನ ಸುಖ ಒಂಬತ್ತು ಗಂಟೆ. ಚೀಲಗಳನ್ನು ನೆಲಕ್ಕಿಳಿಸಿ ತಟ್ಟನೆ ಎದ್ದು ನಿಂತರು. "ಚೇರು ಇವಳ ಹೆಸರಿಗೆ ಬರೀರಿ. ನಾನು ಜೊತೆಗೆ ಹೋಗ್ತೀನಿ."

"ಕ್ಯಾಂಪಿನವರಿಗೆ ಗೊತ್ತಾದ್ರೆ?" ಎಂದರು ಹೆಂಡತಿ.

"ಇಲ್ಲಿ ಚೇರಲ್ಲಿ ಕೂತಿದ್ದನ್ನ ಅಲ್ಲಿಗೆ ಹೋಗಿ ಯಾರೇ ಹೇಳ್ತಾರೆ? ಸುಮ್ನೆ ಕೂತ್ಕೋ."

ಹೆಂಡತಿ ಒಂದು ಕ್ಷಣ ಗಂಡನ ಮುಖವನ್ನೇ ನೋಡಿದರು. ಬಾಗಿಲಿನಿಂದ ಕೌಂಟರಿನವರೆಗೆ ಆಕೆ ಕುಂಟಿಕೊಂಡು ಬಂದ ದೂರ ಕಡಮೆಯೇನಲ್ಲ. ಅನಂತರ ಎರಡು ಕೈಗಳನ್ನೂ ಕುರ್ಚಿಯ ತೋಳಿಗೆ ಊರಿ, ಮಂಡಿಯನ್ನು ಕಾಯ್ದುಕೊಂಡು, ನಿಧಾನವಾಗಿ ಕುಳಿತರು. ತಳ್ಳುವವಳು ಆಕೆಯ ಪಾದಗಳನ್ನು ಎತ್ತಿ ಕುರ್ಚಿಯ ಕಾಲಿಡುವ ಪಟ್ಟಿಯ ಮೇಲಿಟ್ಟಳು.

ಗುಮಾಸ್ತನಿಗೆ ಇನ್ನೂ ಅನುಮಾನ. "ನೀವು ನಿಜವಾಗಿ ನಡೀತೀರಾ ಸಾರ್?"

"ನಡೆಯೋದೇನು, ಇಲ್ನೋಡಿ," ಎಂದ ಅಧಿಕಾರಿಗಳು ಎಡಗಾಲಿನ ಮೇಲೆ ನಿಂತು, ಬಲ ಅಂಗಾಲನ್ನು ತೊಡೆಗೆ ಒತ್ತಿ, ಎರಡೂ ಕೈಗಳನ್ನು ತಲೆಯ ಮೇಲೆ ಜೋಡಿಸಿ ಕಣ್ಣು ಮುಚ್ಚಿದರು. ವೃಕ್ಷಾಸನ. ಸಾಲಿನಲ್ಲಿದ್ದ ನೂರ ಎಂಬತ್ತು ಜನರಲ್ಲಿ ಅರ್ಧದಷ್ಟು ಮಂದಿ ಇತ್ತ ತಿರುಗಿದರು. ದೇಹ ಕೂದಲೆಳೆಯಷ್ಟೂ ಅಲುಗಲಿಲ್ಲ.

ಗುಮಾಸ್ತ ಸೀಟನ್ನು ಖಾಯಂ ಮಾಡಿ, ಹೊಸ ನಮೂನೆ ತೆಗೆದು ಕುರ್ಚಿಯತ್ತ ಬಾಗಿದ. "ಚೇರು ಈಗ ನಿಮ್ಮದು ಅಮ್ಮ. ಇದನ್ನ ನಿಮ್ಮ ಬಾಯಿಂದಲೇ ಕೇಳಿ ಬರೀಬೇಕು. ಸಾಲಿಲ್ಲದ ದಾರೀಲಿ ನಿಮ್ಮ ಜೊತೆ ಬರೋರು ಯಾರಿದ್ದಾರೆ?"

ಆಕೆ ಒಂಟಿಕಾಲಿನ ಗಂಡನನ್ನು ಬುಡದಿಂದ ತುದಿಯವರೆಗೆ ಒಮ್ಮೆ ನೋಡಿದರು.

"ಯಾರೂ ಇಲ್ಲಪ್ಪ," ಎಂದರು.