ಅಣ್ಣನ ಚಾನ್ಸು

ಅಟ್ಟದಿಂದ ನಮ್ಮ ಹಳೇ ವಿಡಿಯೋ ಗೇಮ್ ಇಳಿಸಿ ಟಿವಿಗೆ ಸಿಕ್ಕಿಸಿದೆ. ಮೇಲೆ ಒಂಬತ್ತು ಸಾವಿರ ಆಟ ಎಂದು ಬರೆದಿದ್ದು, ಒಳಗೆ ಏಳೇ ಇರುವ ಹಳದಿ ಕ್ಯಾಸೆಟ್ ಹಾಕಿದರೆ ಬರೀ ಬೂದು ಗೆರೆ.

"ಊದು ರೇವಿ," ಅಂದ ಫಾಲಾಕ್ಷಣ್ಣ, ಮಂಚದ ಮೇಲಿಂದ.

"ಮಾಸ್ಕ್ ಹಾಕ್ಕೊಂಡು ಹೆಂಗೆ ಊದ್ಲಿ?"

ಈಗಿನ ಗಾಳಿಯಲ್ಲಿ ಮಾಸ್ಕ್ ಇಲ್ಲದೆ ಹತ್ತು ನಿಮಿಷ ಇರಬಹುದು. ಎಲ್ಲರ ಊಟವೂ ಅಷ್ಟರಲ್ಲೇ. ಅಣ್ಣನ ಶ್ವಾಸಕೋಶ ತಡೆಯುವುದು ಮೂರೇ ನಿಮಿಷ ಅಂತ ಡಾಕ್ಟರು ಹೇಳಿದ್ದರು.

"ಕೊಡಿಲ್ಲಿ," ಅಂದವನು ಮಾಸ್ಕ್ ಬಿಚ್ಚಿ, ಚಿಕ್ಕಂದಿನ ಹಾಗೆ ಕೆನ್ನೆ ಉಬ್ಬಿಸಿ ಕ್ಯಾಸೆಟ್ಟಿಗೆ ಊದಿದ. ಚಿತ್ರ ಬಂತು.

"ಹಾಕ್ಕೊ ಈಗ."

"ಔಟಾದ್ಮೇಲೆ ಹಾಕ್ಕೋತೀನಿ. ಆಮೇಲೆ ನಿನ್ನ ಚಾನ್ಸು."

ನನಗೆ ಸಮಾಧಾನವಾಯಿತು. ಅಣ್ಣ ಯಾವಾಗಲೂ ಮೊದಲನೇ ಹಳ್ಳದಲ್ಲೇ ಬಿದ್ದು ಔಟಾಗುತ್ತಿದ್ದವನು. ಮಾಸ್ಕ್ ಹಿಡಿದು ಪಕ್ಕದಲ್ಲಿ ಕೂತೆ.

ಮೊದಲನೇ ಹಳ್ಳ ದಾಟಿದ. ಎರಡನೆಯದು, ಐದನೆಯದು. ಬೆರಳು ಒಂದು ಸಲವೂ ತಡವರಿಸಲಿಲ್ಲ. ನನ್ನ ಚಾನ್ಸು ಬೇಗ ಬರಲಿ ಅಂತ ಆಗೆಲ್ಲ ಬೇಕೆಂದೇ ಬೀಳುತ್ತಿದ್ದ ಎಂದು ಈಗ ತಿಳಿಯಿತು.

ಮೂರು ನಿಮಿಷ ದಾಟಿತ್ತು. ಮಾಸ್ಕ್ ಹಿಡಿದು ಕೈ ಚಾಚಿದೆ.

"ಆಡೋವಾಗ ಮುಟ್ಟಬಾರ್ದು ರೇವಿ," ಅಂದ, ನಮ್ಮ ಹಳೇ ರೂಲ್ಸು ನೆನಪಿಸುವವನ ಹಾಗೆ.